ಚಂದ ಉಂಟಂತೆ

ಡಾಕ್ಟರು ಕೈಗವಸು ಹಾಕಿದ ಬೆರಳಿನಿಂದ ಹುಣ್ಣಿನ ಅಂಚನ್ನು ಒತ್ತಿ, ನೋವಾಗುತ್ತದೆಯೇ ಎಂದು ಗುಜರಾತಿಯಲ್ಲಿ ಕೇಳಿದರು. ದಾಮೋದರ ಇಲ್ಲವೆಂದು ತಲೆಯಾಡಿಸಿದ. ಪ್ಯಾಂಟಿನ ಎಡಗಾಲನ್ನು ಮೊಣಕಾಲಿನ ತನಕ ಮಡಚಿ, ಪಾದವನ್ನು ಕಬ್ಬಿಣದ ಸ್ಟೂಲಿನ ಮೇಲಿಟ್ಟು ಕೂತಿದ್ದ. ನೋವಿಲ್ಲ ಎಂದದ್ದು ಡಾಕ್ಟರಿಗೆ ಸಮಾಧಾನ ತಂದಂತೆ ಕಾಣಲಿಲ್ಲ. ಅವರು ದೀಪವನ್ನು ಇನ್ನಷ್ಟು ಕೆಳಕ್ಕೆ ಎಳೆದರು.

ಮೊಣಕಾಲಿನಿಂದ ಕೆಳಗೆ ಮೂಳೆಯ ಮೇಲಿನ ಚರ್ಮ ನೇರಳೆ ಬಣ್ಣಕ್ಕೆ ತಿರುಗಿ, ಮರದ ತೊಗಟೆಯಂತೆ ದಪ್ಪಗಟ್ಟಿ ವರ್ಷಗಳೇ ಆಗಿದ್ದವು. ಅದರ ಹೆಸರು ಅವನಿಗೆ ಗೊತ್ತಿತ್ತು: ಲೈಕನ್ ಪ್ಲೇನಸ್. ಎಪ್ಪತ್ತಮೂರರಲ್ಲಿ ಅಹಮದಾಬಾದಿಗೆ ಬಂದು, ಮಣಿನಗರ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನಲ್ಲಿ ದೋಸೆ ಕಲ್ಲಿನ ಮುಂದೆ ನಿಂತ ಮರುವರ್ಷವೇ ತುರಿಕೆ ಶುರುವಾಗಿತ್ತು. ಅಂಟುವ ರೋಗವಲ್ಲ ಎಂದು ಆಗಿನ ಡಾಕ್ಟರು ಹೇಳಿದ್ದರು. ಮುಲಾಮು ಹಚ್ಚಿದರೆ ತಗ್ಗುತ್ತಿತ್ತು, ಬಿಟ್ಟರೆ ಏರುತ್ತಿತ್ತು. ತಡೆಯಲಾಗದ ದಿನ ಬಚ್ಚಲಿನಲ್ಲಿ ಕೂತು ಕಾಲಿನ ಮೇಲೆ ಸುಡು ನೀರು ಹೊಯ್ದುಕೊಳ್ಳುತ್ತಿದ್ದ. ಸ್ವಲ್ಪ ಹೊತ್ತು ಸ್ವರ್ಗ, ಆಮೇಲೆ ಇನ್ನೂ ಜೋರು ತುರಿಕೆ. ಈ ಸಲ ಮಳೆಗಾಲ ಮುಗಿಯುವಾಗ ಆ ತೊಗಟೆಯ ನಡುವೆ ಎಂಟಾಣೆ ಅಗಲದ ಹುಣ್ಣೊಂದು ಎದ್ದಿತು. ಏನು ಹಚ್ಚಿದರೂ ಒಣಗಲಿಲ್ಲ.

"ಚಾಂದು ಪಡ್ಯು ಛೆ," ಎಂದರು ಡಾಕ್ಟರು ಪಕ್ಕದಲ್ಲಿದ್ದ ಕಿರಿಯ ವೈದ್ಯೆಗೆ. ಹುಣ್ಣಾಗಿದೆ ಎಂದು. "ಚಾಂದು. ಅಂಚು ಗಟ್ಟಿಯಾಗಿದೆ, ಮುಟ್ಟಿ ನೋಡು."

ಆಮೇಲೆ ಅವನನ್ನು ಮಲಗಿಸಿ ತೊಡೆಸಂದಿಯಲ್ಲಿ ಗಂಟು ಇದೆಯೇ ಎಂದು ತಡಕಿದರು. ಇರಲಿಲ್ಲ. ಕೈಗವಸು ಕಳಚುತ್ತ ಅದೇ ಗುಜರಾತಿಯಲ್ಲಿ, ತಗ್ಗಿದ ದನಿಯಲ್ಲಿ ವಿವರಿಸಿದರು. ಇಷ್ಟು ವರ್ಷ ಉರಿದು, ಆರಿ, ಮತ್ತೆ ಉರಿದ ಚರ್ಮ ಇದು. ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ತೀರಾ ಕೆಲವರಿಗೆ ಮಾತ್ರ ಅದೇ ಜಾಗ ಕೆಡುತ್ತದೆ. ಸೋಮವಾರ ಬನ್ನಿ, ಸಣ್ಣ ತುಂಡು ತೆಗೆದು ಪರೀಕ್ಷೆಗೆ ಕಳಿಸೋಣ. ಕೆಟ್ಟದ್ದೇ ಆದರೂ ಈಗಲೇ ಸಿಕ್ಕಿದರೆ ಅಷ್ಟು ಭಾಗ ಕತ್ತರಿಸಿ ತೊಡೆಯ ಚರ್ಮ ತಂದು ಹಾಕಬಹುದು. ತಡವಾದರೆ ಕಾಲೇ ಹೋದೀತು, ಅಲ್ಲಿಗೂ ನಿಲ್ಲದಿದ್ದರೆ ಜೀವ. ಕೆಡುವುದು ಎಂದರೆ ಏನೆಂದು ಅವರು ಹೆಸರೆತ್ತಿ ಹೇಳಲಿಲ್ಲ. ಕ್ಯಾನ್ಸರ್ ಎಂದು ದಾಮೋದರನಿಗೆ ಅರ್ಥವಾಯಿತು. ಪರದೆಯ ಹತ್ತಿರ ಚೀಲ ಹಿಡಿದು ನಿಂತಿದ್ದ ಹೆಂಡತಿ ನಾಗವೇಣಿಯ ಕಡೆಗೆ ಅವನು ನೋಡಲಿಲ್ಲ.

ಬಸ್ ಸ್ಟಾಪಿಗೆ ಬರುವಾಗ ಅವಳ ನಡಿಗೆಯೇ ಬೇರೆಯಾಗಿತ್ತು.

"ಅಂತೂ ಚಂದ ಉಂಟು ಅಂದ್ರಲ್ಲ!"

"ಎಂತ?"

"ಡಾಕ್ಟ್ರು ಮಾರಾಯ್ರೆ. ಚಾಂದು ಚಾಂದು ಅಂತ ಎರಡೆರಡು ಸಲ ಹೇಳಿದ್ರು. ನಂಗೂ ಅಷ್ಟು ತಿಳಿಯುತ್ತದೆ. ಬೆಳಿಗ್ಗೆಯಿಂದ ಹೊಟ್ಟೆಯೊಳಗೆ ಬೆಂಕಿ ಇಟ್ಕೊಂಡು ಕೂತಿದ್ದೆ ನಾನು."

ಅವಳು ಈ ಊರಿಗೆ ಬಂದು ಒಂದು ವರ್ಷವಾಗಿತ್ತು ಅಷ್ಟೆ. ಅತ್ತೆ ತೀರಿಕೊಳ್ಳುವವರೆಗೆ ಬ್ರಹ್ಮಾವರದಲ್ಲಿದ್ದಳು. ದಾಮೋದರ ಹೋಟೆಲಿನ ಅಟ್ಟದಲ್ಲಿ ಉಳಿದ ಅಡಿಗೆಯವರ ಜೊತೆ ಮಲಗುತ್ತಿದ್ದ, ವರ್ಷಕ್ಕೊಂದು ತಿಂಗಳು ಊರಿಗೆ ಹೋಗುತ್ತಿದ್ದ. ಆ ತಿಂಗಳಲ್ಲೂ ಕಾಲು ಅವಳ ಕಣ್ಣಿಗೆ ಬೀಳದಂತೆ ನೋಡಿಕೊಂಡಿದ್ದ. ಈಗ ಒಂದೇ ಕೋಣೆಯ ಮನೆಯಲ್ಲಿ ಬ್ಯಾಂಡೇಜು ಮುಚ್ಚಿಡಲಾಗದೆ ಸಿಕ್ಕಿಬಿದ್ದಿದ್ದ. ಅವಳೇ ಎಳೆದುಕೊಂಡು ಬಂದದ್ದು.

ಚಾಂದು ಎಂದರೆ ಏನೆಂದು ಹೇಳಲು ಅವನು ಬಾಯಿ ತೆರೆದ. ಇಲ್ಲಿಗೆ ಬಂದಮೇಲೆ ಅವಳು ಹೀಗೆ ನಕ್ಕದ್ದನ್ನು ಅವನು ನೋಡಿರಲಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದ ಮೈ, ಎರಡು ಗಂಟೆ ಸಾಲಿನಲ್ಲಿ ನಿಂತ ಕಾಲು. ಈಗ ರಸ್ತೆಯ ಮಧ್ಯೆ ಅದನ್ನೆಲ್ಲ ಬಿಡಿಸಿ ಹೇಳುವ ತ್ರಾಣ ಅವನಲ್ಲಿರಲಿಲ್ಲ.

"ಹೌದು," ಎಂದ. "ಚಂದ ಉಂಟಂತೆ."

"ಸೋಮವಾರ ಅಂತ ಎಂತದೋ ಹೇಳಿದ್ರಲ್ಲ?"

"ಮುಲಾಮು ಮುಗಿದ್ರೆ ಬನ್ನಿ ಅಂತ."

ಕೆಂಪು ಬಸ್ಸು ಬಂತು. ಅವಳು ಮುಂದೆ ಹತ್ತಿ ಅವನಿಗಾಗಿ ಜಾಗ ಹಿಡಿದಳು.

ಭಾನುವಾರ ಹೋಟೆಲಿನಲ್ಲಿ ನೂಕುನುಗ್ಗಲು. ಒಲೆಯ ಹತ್ತಿರದವರೆಲ್ಲ ಚಡ್ಡಿ, ಬನಿಯನ್ನಿನಲ್ಲಿರುವಾಗ ದಾಮೋದರನೊಬ್ಬನೇ ಉದ್ದ ಪ್ಯಾಂಟಿನವನು. ಮಾಲೀಕ ಗೋಪಾಲಕೃಷ್ಣ ಭಟ್ಟರು ಗಲ್ಲಾದಿಂದ ಎದ್ದು ಬಂದಾಗಲೆಲ್ಲ ಒಂದು ಮಾತು ಒಗೆಯುತ್ತಿದ್ದರು.

"ಹೋಯ್ ಆಫೀಸರೇ, ಪ್ಯಾಂಟಿಗೆ ಇಸ್ತ್ರಿ ಬೇಡ್ವಾ?"

"ಸಂಬಳ ಆಫೀಸರಿದ್ದು ಕೊಡಿ, ಇಸ್ತ್ರಿ ಮಾಡಿಸ್ತೇನೆ," ಎಂದ ದಾಮೋದರ, ಹಿಟ್ಟು ಹರಡುತ್ತ. ಎಲ್ಲರೂ ನಕ್ಕರು.

"ನಾಳೆ ನೂರಿಪ್ಪತ್ತು ಜನದ ಪಾರ್ಟಿ ಉಂಟು. ಬೇಗ ಬಾ."

ನಾಳೆ ಸೋಮವಾರ. ಬರುತ್ತೇನೆ ಎಂದ. ದೋಸೆ ಹೊಯ್ಯುವವನ ಕಾಲು ಹೀಗಿದೆ ಎಂದು ಒಬ್ಬನ ಕಣ್ಣಿಗೆ ಬಿದ್ದರೂ ಸಾಕು. ಅಂಟುವುದಿಲ್ಲ ಎಂದು ಮೇಜು ಮೇಜಿಗೆ ಹೋಗಿ ಹೇಳಲಾಗುವುದಿಲ್ಲ. ಎರಡು ಗಂಟೆಗೆ ಬಿಡುವು ಸಿಕ್ಕಾಗ ಬ್ಯಾಂಡೇಜು ಒದ್ದೆಯಾಗಿ ಕಾಲಿಗೆ ಅಂಟಿತ್ತು. ಮನೆಗೆ ಬಂದು, ನಾಳೆ ಪಾರ್ಟಿ ಉಂಟು, ಬೇಗ ಹೋಗಬೇಕು ಎಂದಷ್ಟೇ ಹೇಳಿ, ಊಟ ಬೇಡವೆಂದು ಮಂಚದ ಮೇಲೆ ಬಿದ್ದುಕೊಂಡ.

ನಾಗವೇಣಿ ಹೊರಗೆ ಚಾಳಿನ ಪಡಸಾಲೆಯಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಪಕ್ಕದ ಮನೆಯ ಹಂಸಾಬೆನ್ ಮೇಥಿ ಸೊಪ್ಪು ಬಿಡಿಸುತ್ತ ಏನೋ ಕೇಳಿದರು. ನಾಗವೇಣಿ ತನಗೆ ಬರುವಷ್ಟು ಗುಜರಾತಿಯನ್ನು ಒಟ್ಟುಮಾಡಿಕೊಂಡಳು.

"ಡಾಕ್ಟರ್ ಕಹೇ ಛೆ, ಚಾಂದು ಛೆ. ಬಹು ಚಾಂದು!"

ಮಂಚದ ಮೇಲೆ ದಾಮೋದರ ಕಣ್ಣು ಬಿಟ್ಟ.

"ಹಾಯ್ ಹಾಯ್! ಎಲ್ಲಿ?" ಎಂದು ಹಂಸಾಬೆನ್ ಮರುಗಿದರು.

"ಕಾಲಲ್ಲಿ," ಎಂದಳು ನಾಗವೇಣಿ, ಅದೇ ಸಂತೋಷದಲ್ಲಿ.

"ತೊ ಹಸೋ ಛೋ ಕೇಮ್?" ಎಂದರು ಹಂಸಾಬೆನ್. ಮತ್ತೆ ನಗುವುದು ಯಾಕೆ?

ನಾಗವೇಣಿಗೆ ಅರ್ಥವಾಗಲಿಲ್ಲವೆಂದು ಕಾಣುತ್ತದೆ. ಹಂಸಾಬೆನ್ ಎದ್ದು ಹತ್ತಿರ ಬಂದರು. ತೆರೆದ ಬಾಗಿಲಿನಿಂದ ದಾಮೋದರನಿಗೆ ಅವರು ಕಾಣಿಸಿದರು: ಕೆಳತುಟಿಯನ್ನು ಬೆರಳಿನಿಂದ ಮಡಚಿ ಒಳಗಿನ ಹುಣ್ಣನ್ನು ತೋರಿಸುತ್ತಿದ್ದರು. "ಆ ಚಾಂದು," ಎಂದರು. ನಂತರ ಹಿಂದಿಯಲ್ಲಿ, ಮಗುವಿಗೆ ಹೇಳುವಂತೆ, "ಘಾವ್. ಘಾವ್."

ನಾಗವೇಣಿಯ ಕೈಯಲ್ಲಿ ಅವನ ಒದ್ದೆ ಬನಿಯನ್ನಿತ್ತು. ಅದನ್ನು ತಂತಿಯ ಮೇಲೆ ಹರಡಿ, ಕ್ಲಿಪ್ಪು ಹಾಕಿ, ಒಳಗೆ ಬಂದಳು. ಬಾಗಿಲು ಮುಚ್ಚಲಿಲ್ಲ, ಬೆಳಕು ಬರಲೆಂದು ಇನ್ನಷ್ಟು ತೆರೆದಳು.

"ಕಾಲು ತೋರಿಸಿ."

"ಈಗ ಬೇಡ ಮಾರಾಯ್ತಿ."

"ತೋರಿಸಿ ಅಂದೆ."

ಬ್ಯಾಂಡೇಜನ್ನು ಅವಳೇ ಸುತ್ತು ಬಿಡಿಸಿದಳು. ಕೊನೆಯ ಸುತ್ತು ಕಚ್ಚಿಕೊಂಡಿತ್ತು. ಲೋಟದ ನೀರು ತೊಟ್ಟಿಕ್ಕಿಸಿ ನೆನೆಯುವ ತನಕ ಕಾದಳು. ವಾಸನೆ ಬಂದರೂ ಮುಖ ತಿರುಗಿಸಲಿಲ್ಲ.

"ಇದನ್ನಾ ನಾನು ಚಂದ ಅಂದದ್ದು?"

"ನೀನು ಅಷ್ಟು ಖುಷಿಯಲ್ಲಿದ್ದೆ..."

"ನನ್ನ ಖುಷಿ ತಗೊಂಡು ಎಂತ ಮಾಡುದು? ಒಲೆಗೆ ಹಾಕುದಾ? ಡಾಕ್ಟ್ರು ಸೋಮವಾರ ಎಂತಕ್ಕೆ ಕರೆದದ್ದು? ಸರಿಯಾಗಿ ಹೇಳಿ. ಕನ್ನಡದಲ್ಲಿ ಹೇಳಿ."

ಎರಡು ದಿನದಿಂದ ಆ ಮಾತು ಅವನ ತಲೆಯಲ್ಲಿ ಗುಜರಾತಿಯಲ್ಲೇ ಕೂತಿತ್ತು. ಬೇರೆ ಯಾರದೋ ಕಾಲಿನ ವಿಚಾರದಂತೆ.

"ಕ್ಯಾನ್ಸರ್ ಇರಬಹುದಂತೆ," ಎಂದ. "ಇಲ್ಲದೆಯೂ ಇರಬಹುದು. ತುಂಡು ತೆಗೆದು ನೋಡ್ಬೇಕು."

ಅವಳು ಹಾಸಿಗೆಯ ಅಂಚನ್ನು ಹಿಡಿದುಕೊಂಡಳು. "ಕಾಲು?"

"ಬೇಗ ಹೋದ್ರೆ ಉಳಿಯುತ್ತದೆ ಅಂದ್ರು."

"ಮತ್ತೆ ನೀವು ನಾಳೆ ಪಾರ್ಟಿಗೆ ದೋಸೆ ಹೊಯ್ಲಿಕ್ಕೆ ಹೊರಟದ್ದು!"

"ಭಟ್ರಿಗೆ ಗೊತ್ತಾದ್ರೆ ಇನ್ನು ಒಲೆ ಹತ್ತಿರ ಸೇರಿಸುದಿಲ್ಲ, ನಾಗು."

"ಸೇರಿಸದಿದ್ರೆ ಬಿಡ್ಲಿ. ಕಾಲಿಲ್ಲದವ ಕಲ್ಲಿನ ಮುಂದೆ ನಿಲ್ಲುದು ಹೇಗೆ ಅಂತ ನಾನೇ ಹೋಗಿ ಅವರನ್ನು ಕೇಳ್ತೇನೆ." ಅವಳು ಎದ್ದು ಹೋಗಿ ಹೊಸ ಬಟ್ಟೆ ಹರಿದು ತಂದಳು. ಸುತ್ತು ಸುತ್ತಾಗಿ ಬಿಗಿದು ಕಟ್ಟಿದಳು.

ಸೋಮವಾರ ಕಿರಿಯ ವೈದ್ಯೆ ಹುಣ್ಣಿನ ಸುತ್ತ ಸೂಜಿ ಚುಚ್ಚಿ, ಕಾಲಿನ ಮೇಲೆ ಹಸಿರು ಬಟ್ಟೆ ಹೊದಿಸಿದಳು. ನೋವಿರಲಿಲ್ಲ. ಒಳಗಿನಿಂದ ಯಾರೋ ಎಳೆಯುತ್ತಿರುವಂತೆ ಮಾತ್ರ ಅನಿಸುತ್ತಿತ್ತು. ದಾಮೋದರ ಮೇಲೆ ತಿರುಗುವ ಫ್ಯಾನನ್ನು ನೋಡುತ್ತ ಮಲಗಿದ್ದ. ಪರದೆಯ ಆಚೆ ಬೆಂಚಿನ ಮೇಲೆ ನಾಗವೇಣಿಯ ದನಿ ಕೇಳುತ್ತಿತ್ತು.

"ಆ ಶು ಕಹೇವಾಯ್?" ಇದಕ್ಕೆ ಏನನ್ನುತ್ತಾರೆ ಎಂದು ಯಾರನ್ನೋ ಕೇಳುತ್ತಿದ್ದಳು.

"ಸೋಜೋ," ಎಂದಿತು ಒಂದು ಮುದಿ ದನಿ. ಬಾವು.

"ಸೋಜೋ. ಮತ್ತೆ ಇದಕ್ಕೆ?"

"ಪಾಟೋ." ಕಟ್ಟು.

ಅವಳ ಉಚ್ಚಾರಕ್ಕೆ ಯಾರೋ ನಕ್ಕರು. ಅವಳು ನಗಲಿಲ್ಲ, ಇನ್ನೊಮ್ಮೆ ಹೇಳಿಸಿಕೊಂಡಳು.

ಆಯಾ ಬಂದು ಸಣ್ಣ ಶೀಶೆ ಎತ್ತಿಕೊಂಡಳು. ಅದರ ನೀರಿನ ತಳದಲ್ಲಿ ಕಡಲೆ ಬೇಳೆಯಷ್ಟು ತುಂಡು ಕೂತಿತ್ತು. ಅವಳು ಪರದೆ ಸರಿಸಿ ಹೊರಟಾಗ ಹೊರಗಿನ ಮಾತು ನಿಂತಿತು.

"ಆ ಶು ಕಹೇವಾಯ್?" ನಾಗವೇಣಿ ಕೇಳಿದಳು.

ಆಯಾ ನಿಲ್ಲದೆ ನಡೆದಳು. ಅವಳ ಚಪ್ಪಲಿಯ ಸದ್ದು ಕಾರಿಡಾರಿನ ಕೊನೆಯ ತನಕ ಹೋಗಿ, ಒಂದು ಬಾಗಿಲು ತೆರೆದು ಮುಚ್ಚಿಕೊಂಡಿತು.