ಬೆಟ್ಟಯ್ಯನವರ ನಲವತ್ತೆಂಟು ಮಾತು

ಲಕ್ವ ಹೊಡೆದ ಮೇಲೆ ಬೆಟ್ಟಯ್ಯನವರ ಬಾಯಲ್ಲಿ ಉಳಿದದ್ದು ಒಂದೇ ಮಾತು: ‘ಬುಡು’. ಊಟ ಬೇಕೆಂದರೂ ಬುಡು, ಸಾಕೆಂದರೂ ಬುಡು. ಟೀವಿ ಹಾಕು ಅನ್ನುವುದಕ್ಕೂ ಅದೇ, ಆರಿಸು ಅನ್ನುವುದಕ್ಕೂ ಅದೇ. ಬೇರೆಯವರು ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು. ಪೇಪರು ಹಿಡಿದು ಕೂತರೆ ಒಂದಿಷ್ಟು ಓದುತ್ತಲೂ ಇದ್ದರು. ಬಲಗೈ ಸೋತಿತ್ತು. ಎಡಗೈಗೆ ಪೆನ್ನು ಕೊಟ್ಟರೆ ಅಕ್ಷರದ ಬದಲು ಗೆರೆ ಬೀಳುತ್ತಿತ್ತು.

“ಮಾತೆಲ್ಲ ಒಳಗೇ ಇದೆಯಮ್ಮ, ಹೊರಗೆ ಬರೋ ದಾರಿ ಮುಚ್ಚಿಹೋಗಿದೆ,” ಎಂದು ಮಂಡ್ಯದ ಡಾಕ್ಟರು ಸೊಸೆ ಹೇಮಶ್ರೀಗೆ ಹೇಳಿದ್ದರು.

ಹೇಮಶ್ರೀ ಮಂಡ್ಯದ ಪಾಲಿಟೆಕ್ನಿಕ್ ಒಂದರಲ್ಲಿ ಎಲೆಕ್ಟ್ರಾನಿಕ್ಸ್ ಲ್ಯಾಬ್ ನೋಡಿಕೊಳ್ಳುವವಳು. ದಿನಾ ಮಳವಳ್ಳಿಯಿಂದ ಹೊರಟು, ಮದ್ದೂರಿನಲ್ಲಿ ಬಸ್ಸು ಬದಲಿಸಿ ಹೋಗಿಬರುತ್ತಿದ್ದಳು. ಡಾಕ್ಟರ ಮಾತು ಕೇಳಿದ ದಿನ ಅವಳಿಗೆ ಲ್ಯಾಬಿನ ಮೇಜಿನ ಮೇಲಿದ್ದ ಪುಟ್ಟ ಕಂಪ್ಯೂಟರು ಕಣ್ಣಿಗೆ ಬಿತ್ತು. ಒಂದೇ ಹಸಿರು ಹಲಗೆ, ಅಂಗೈಯಗಲ. ಅದರ ಒಂದು ಅಂಚಿನಲ್ಲಿ ಎರಡು ಸಾಲಾಗಿ ನಲವತ್ತು ಪಿನ್ನು, ರಾಗಿ ಪೈರಿನ ಹಾಗೆ ಒತ್ತೊತ್ತಾಗಿ ನಿಂತಿದ್ದವು. ಒಳಗಿನ ಲೆಕ್ಕಾಚಾರವೆಲ್ಲ ಹೊರಗಿನ ಲೋಕವನ್ನು ಮುಟ್ಟುವುದು ಆ ಪಿನ್ನುಗಳ ಮೂಲಕ. ಆದರೆ ಅಷ್ಟು ಸಣ್ಣ, ಅಷ್ಟು ಹತ್ತಿರ ಇರುವ ಪಿನ್ನುಗಳಿಗೆ ನೇರವಾಗಿ ಏನನ್ನೂ ಕಟ್ಟಲಾಗದು. ಅವುಗಳಿಂದ ದಾರಿ ಎಳೆದು ಅಗಲಕ್ಕೆ ಹರಡುವ ಇನ್ನೊಂದು ಬೋರ್ಡು ಬೇಕು.

ಅದೇ ಬಗೆಯ ಪುಟ್ಟ ಕಂಪ್ಯೂಟರೊಂದನ್ನು ಕೊಂಡು ತಂದು, ಅಂಥ ಬೋರ್ಡನ್ನು ಅವಳು ಮನೆಯಲ್ಲೇ ಮಾಡಿದಳು. ಪ್ರತಿ ಪಿನ್ನಿನಿಂದ ತಾಮ್ರದ ಗೆರೆ ಹೊರಟು ಒಂದೊಂದು ಸ್ಕ್ರೂ ಕನೆಕ್ಟರಿಗೆ ಬಂತು; ಅಲ್ಲಿಂದ ವೈರು ಹೋಗಿ ಮರದ ಹಲಗೆಯ ಮೇಲಿನ ಇಪ್ಪತ್ತು ದೊಡ್ಡ ಗುಂಡಿಗಳಿಗೆ ಸೇರಿತು. ಗುಂಡಿ ಒತ್ತಿದರೆ ಸ್ಪೀಕರಿನಲ್ಲಿ ಒಂದು ಮಾತು. ನೀರು, ಊಟ, ನೋವು, ಹೊರಗೆ. ಎಲ್ಲವನ್ನೂ ಗಂಡ ಪ್ರೀತಂ ತನ್ನ ದನಿಯಲ್ಲಿ ಹೇಳಿ ಕೊಟ್ಟಿದ್ದ.

ಬೆಟ್ಟಯ್ಯನವರು ‘ನೀರು’ ಒತ್ತಿದರು. ಪ್ರೀತಂನ ದನಿ ಬಂತು. ಅವರು ಹಲಗೆಯನ್ನು ಎಡಗೈಯಲ್ಲಿ ಮೆಲ್ಲಗೆ ಆಚೆ ನೂಕಿ, “ಬುಡು,” ಅಂದರು.

“ಇನ್ನೇನ್ ಮತ್ತೆ?” ಅಂದರು ಅತ್ತೆ ಮಹದೇವಮ್ಮ, ಅವರೆಕಾಯಿ ಸುಲಿಯುತ್ತಾ. “ಮಗನ್ ಗಂಟ್ಲಲ್ಲಿ ಅಪ್ಪ ಮಾತಾಡಾಕಾಯ್ತದಾ? ಅವ್ರ ದನಿ ಅವ್ರಿಗ್ ಬೇಕು ಕಣವ್ವ.”

ಆ ದನಿಯನ್ನು ಎಲ್ಲಿಂದ ತರುವುದು? ಲಕ್ವ ಹೊಡೆದ ದಿನವೇ ಮಾವನ ಫೋನು ಬಿದ್ದು ಒಡೆದಿತ್ತು. ಹೇಮಶ್ರೀ ತನ್ನ ಫೋನಿನಲ್ಲಿ ಹುಡುಕಿದಳು. ಮದುವೆಯ ವಿಡಿಯೋದಲ್ಲಿ ಅವರು ಎರಡು ಸಲ ಕೆಮ್ಮಿದ್ದು ಬಿಟ್ಟರೆ ಏನೂ ಇರಲಿಲ್ಲ. ಆಗ ಮಹದೇವಮ್ಮನೇ ನೆನಪಿಸಿದರು, “ಆ ಮರಿಸಿದ್ದಯ್ಯಂಗೆ ದಿನಾ ಫೋನಲ್ಲಿ ಮಾತಾಡಿ ಕಳುಸ್ತಿದ್ರಲ್ಲ, ಅದೆಲ್ಲಾ ಎಲ್ ಓಯ್ತದೆ?”

ಮರಿಸಿದ್ದಯ್ಯ ಅಂದರೆ ಕಣಿವೆಯ ನೀರಿನಿಂದ ಕರೆಂಟು ತೆಗೆಯುವ ಬ್ಲಫ್‌ನ ಪವರ್‌ಹೌಸಿನಲ್ಲಿ ಬೆಟ್ಟಯ್ಯನವರ ಜೊತೆ ಮೂವತ್ತೊಂದು ವರ್ಷ ಪ್ಯಾನೆಲ್ ಬೋರ್ಡಿನ ಮುಂದೆ ನಿಂತವರು. ಬೆಟ್ಟಯ್ಯನವರು ನಿವೃತ್ತಿಯಾಗಿ ಮಳವಳ್ಳಿಗೆ ಬಂದಿದ್ದರು. ಮರಿಸಿದ್ದಯ್ಯ ಅಲ್ಲೇ ಮಗಳ ಕ್ವಾರ್ಟರ್ಸಿನಲ್ಲಿ ಉಳಿದಿದ್ದರು. ಭಾನುವಾರ ಹೇಮಶ್ರೀ ಬ್ಲಫ್‌ಗೆ ಹೋದಳು. ಕಣಿವೆಯ ಕೆಳಗಿನಿಂದ ಯಂತ್ರಗಳ ಗುಂಯ್‌ಗುಡುವಿಕೆ ನೆಲದ ಮೂಲಕ ಅಂಗಾಲಿಗೆ ಹತ್ತುತ್ತಿತ್ತು.

ಮರಿಸಿದ್ದಯ್ಯ ಫೋನು ಕೈಗಿಟ್ಟರು. “ಒಂದೂ ಅಳ್ಸಿಲ್ಲ ಕಣಮ್ಮ. ಅವ್ನ್ ಮಾತು ನಿಂತೋದ್ ಮ್ಯಾಲೆ ಬೆಳಿಗ್ಗೆ ಟೀ ಕುಡೀತಾ ಅಳೇವ್ನೇ ಒಂದೊಂದ್ ಕೇಳ್ತೀನಿ. ತಕಾ, ಎಲ್ಲಾನೂ ತಕಾ.”

ಇನ್ನೂರ ಹದಿನಾರು ದನಿ ಸಂದೇಶಗಳಿದ್ದವು. ಎಲ್ಲವನ್ನೂ ತನ್ನ ಫೋನಿಗೆ ಕಳಿಸಿಕೊಂಡಳು.

ಮರಳುವಾಗ ಬಸ್ಸಿನ ಕಿಟಕಿಗೆ ತಲೆಯಾನಿಸಿ, ಕಿವಿಗೆ ಇಯರ್‌ಫೋನ್ ಇಟ್ಟುಕೊಂಡಳು. ಹೊರಗೆ ಇಳಿಬಿಸಿಲು. ಕಬ್ಬಿನ ಸೂಲಂಗಿ ಹೂವು ಬೆಳ್ಳಗೆ ತೂಗುತ್ತಿತ್ತು. ಕಿವಿಯೊಳಗೆ ಮಾವ ಮಾತಾಡತೊಡಗಿದರು, ತುಂಬುದನಿಯಲ್ಲಿ, ಯಾವ ತಡೆಯೂ ಇಲ್ಲದೆ.

“ಲೋ ಮರಿಸಿದ್ದ, ಎದ್ದಾ? ಇಲ್ಲಿ ಮಳೆ ಸುರೀತಾ ಅದೆ ಕಣ್ಲಾ.” “ನಮ್ಮನೇವ್ಳು ಉಳ್ಳಿಕಾಳು ಬಸ್ಸಾರು ಮಾಡವ್ಳೆ, ಬಾ.” “ಏಮ ಇದ್ರಲ್ಲಿ ಪೋಟೊ ಕಳ್ಸದು ಕಲಿಸ್ಕೊಟ್ಲು. ಬುದ್ವಂತೆ ಕಣ್ಲಾ ನಮ್ಮ ಏಮ.” ತನ್ನ ಹೆಸರಿನ ‘ಹೇ’ ಅವರ ಬಾಯಲ್ಲಿ ‘ಏ’ ಆಗುವುದನ್ನು ಎಂಟು ತಿಂಗಳ ಮೇಲೆ ಕೇಳಿದಳು. ಆಮೇಲೆ ಒಂದು ಸಂದೇಶ ಬಂತು, ಅದರಲ್ಲಿ ದನಿ ತಗ್ಗಿತ್ತು:

“ಒಂದ್ ಕನಸು ಬಿತ್ತು ಕಣ್ಲಾ. ಪವರ್‌ಹೌಸ್ ಒಳೀಕೆಲ್ಲಾ ನೀರು ತುಂಬ್ಕಂಡದೆ. ಪ್ಯಾನೆಲ್ ದೀಪ ಎಲ್ಲಾ ನೀರೊಳ್ಗೇ ಉರೀತಾ ಅವೆ, ಕೆಂಪು, ಅಸುರು. ನನ್ಗೆ ಎದ್ರಿಕೇನೇ ಇಲ್ಲ. ಮೀನು ಬಂದು ಬಂದು ಒಂದೊಂದೇ ದೀಪ ನೋಡ್ಕಂಡು ಓಯ್ತಾ ಅವೆ. ನಾನೂ ಅಂಗೇ ನೋಡ್ತಾ ನಿಂತಿವ್ನಿ.”

ಅದನ್ನು ಮೂರು ಸಲ ಕೇಳಿದಳು. ಬಸ್ಸು ಸಾಗುತ್ತಿತ್ತೋ ತೇಲುತ್ತಿತ್ತೋ ತಿಳಿಯಲಿಲ್ಲ. ಗದ್ದೆಬಯಲಿನ ಮೇಲೆ ನಿಂತ ನೀರಲ್ಲಿ ಆಕಾಶ ಕೆಂಪಾಗಿ ಬಿದ್ದಿತ್ತು. ಅದರೊಳಗೂ ಎಲ್ಲೋ ಮೀನುಗಳು ಸುಳಿಯುತ್ತಿವೆ ಅನ್ನಿಸಿತು. ಇಳಿಯಬೇಕಾದ ಸ್ಟಾಪು ದಾಟಿ ಎರಡು ಸ್ಟಾಪು ಮುಂದೆ ಹೋಗಿ, ನಡೆದುಕೊಂಡು ವಾಪಸು ಬಂದಳು.

ವಾರವಿಡೀ ಮಾತುಗಳನ್ನು ಕತ್ತರಿಸಿ ಆರಿಸಿದಳು. ಎಷ್ಟು ಬಿಟ್ಟರೂ ನಲವತ್ತೆಂಟು ಉಳಿದವು. ಕಂಪ್ಯೂಟರಿನ ನಲವತ್ತು ಪಿನ್ನುಗಳಲ್ಲಿ ಗುಂಡಿಗೆ ಸಿಗುವುದು ಇಪ್ಪತ್ತಾರು ಮಾತ್ರ. ಮಿಕ್ಕವು ಕರೆಂಟಿಗೆ, ಗ್ರೌಂಡಿಗೆ, ಇನ್ನೊಂದಕ್ಕೆ. ಹಾಗಾಗಿ ಹೊಸ ಬೋರ್ಡು ಮಾಡಬೇಕಾಯಿತು: ಅದರ ಮೇಲೆ ಮೂರು ಐಸಿ ಚಿಪ್ಪು, ಪ್ರತಿಯೊಂದಕ್ಕೂ ಹದಿನಾರು ಗುಂಡಿ. ಕಂಪ್ಯೂಟರಿನಿಂದ ಆ ಮೂರಕ್ಕೂ ಸುದ್ದಿ ಒಯ್ಯುವುದಕ್ಕೆ ಎರಡೇ ಗೆರೆ ಸಾಕು.

ಶನಿವಾರ ಮಧ್ಯಾಹ್ನ ಜಗಲಿಯಲ್ಲಿ ಕೂತಳು. ಬೋರ್ಡಿನ ಗೆರೆಗಳ ನಕ್ಷೆ ಮುದ್ರಿಸಿದ ಹೊಳಪು ಕಾಗದವನ್ನು ತಾಮ್ರ ಹೊದೆಸಿದ ಹಲಗೆಗೆ ಒತ್ತಿ ಇಸ್ತ್ರಿಪೆಟ್ಟಿಗೆ ಎಳೆದಳು. ಕಾಗದ ನೆನೆಸಿ ಕಿತ್ತಾಗ ಕಪ್ಪು ಗೆರೆಗಳು ತಾಮ್ರಕ್ಕೆ ಅಂಟಿಕೊಂಡವು. ಆಮೇಲೆ ಪ್ಲಾಸ್ಟಿಕ್ ತಟ್ಟೆಯ ಕಂದು ದ್ರಾವಣದಲ್ಲಿ ಅದನ್ನು ಮುಳುಗಿಸಿ, ಗ್ಲೌಸು ತೊಟ್ಟ ಕೈಯಲ್ಲಿ ತಟ್ಟೆಯನ್ನು ಅತ್ತಿತ್ತ ತೂಗುತ್ತ ಕೂತಳು. ಗೆರೆಯಿಲ್ಲದ ಕಡೆ ತಾಮ್ರ ಸದ್ದಿಲ್ಲದೆ ಕರಗುತ್ತಿತ್ತು. ತೊಟ್ಟಿಲು ತೂಗುವ ಹಾಗೆ ಕೈ ತಾನೇ ಆಡುತ್ತಿತ್ತು, ಕಣ್ಣು ಅರೆಮುಚ್ಚುತ್ತಿತ್ತು. ಬೆಟ್ಟಯ್ಯನವರು ಕುರ್ಚಿ ಎಳೆಸಿಕೊಂಡು ಬಂದು ಹತ್ತಿರ ಕೂತರು. ತಟ್ಟೆಯಿಂದ ಕಣ್ಣು ತೆಗೆಯಲಿಲ್ಲ.

ಚಿಪ್ಪುಗಳನ್ನು ಬೆಸುಗೆ ಹಾಕಿ ಮುಗಿಸುವಷ್ಟರಲ್ಲಿ ಭಾನುವಾರ ಹನ್ನೊಂದಾಗಿತ್ತು. ಕಂಪ್ಯೂಟರಿಗೆ ಬೋರ್ಡು ಸಿಕ್ಕಿಸಿ, ಹೇಮಶ್ರೀ ಚಾರ್ಜರಿನ ಸ್ವಿಚ್ಚಿಗೆ ಕೈ ಹಾಕಿದಳು.

“ಬುಡು!”

ಮಾವ ಅವಳ ಮಣಿಕಟ್ಟು ಹಿಡಿದಿದ್ದರು. ಎಡಗೈಯಲ್ಲಿ ಅಷ್ಟು ಬಲವಿದೆಯೆಂದು ಅವಳಿಗೆ ಗೊತ್ತಿರಲಿಲ್ಲ.

“ಯಾಕ್ ಮಾವ? ಏನಾಯ್ತು?”

“ಬುಡು, ಬುಡು!” ಗೋಡೆಗೆ ಅವಳೇ ಅಂಟಿಸಿದ್ದ ಪಿನ್ನುಗಳ ಪಟ್ಟಿಯನ್ನು ತೋರಿಸಿದರು. ಅದರಲ್ಲಿ ಐದು ವೋಲ್ಟಿನ ಪಿನ್ನಿಗೆ ಕೆಂಪು ಬಣ್ಣ ಹಚ್ಚಿತ್ತು, ಸಾಲಿನ ಬಲಬದಿಯಲ್ಲಿ. ಬೋರ್ಡನ್ನು ಕಿತ್ತು, ಅದೇ ಜಾಗದಿಂದ ಹೊರಟ ತಾಮ್ರದ ಗೆರೆಯನ್ನು ಉಗುರಲ್ಲಿ ಹಿಂಬಾಲಿಸಿದರು. ಉಗುರು ನಿಂತದ್ದು ಚಿಪ್ಪಿನ ಸೂಕ್ಷ್ಮ ಕಾಲಿನ ಹತ್ತಿರ. ಐದು ವೋಲ್ಟು ಎಂದೂ ಹೋಗಬಾರದ ಜಾಗ ಅದು.

ಹೇಮಶ್ರೀ ಬೋರ್ಡನ್ನು ಪಟ್ಟಿಯ ಪಕ್ಕ ಹಿಡಿದು ನೋಡಿದಳು. ಇಡೀ ನಕ್ಷೆ ಕನ್ನಡಿಯಲ್ಲಿ ಕಂಡಂತೆ ಎಡಬಲ ಅದಲುಬದಲಾಗಿತ್ತು. ಮುದ್ರಿಸುವಾಗ ತಿರುಗಿಸಬಾರದ್ದನ್ನು ತಿರುಗಿಸಿಬಿಟ್ಟಿದ್ದಳು. ಸ್ವಿಚ್ಚು ಹಾಕಿದ್ದರೆ ಚಿಪ್ಪುಗಳು ಸುಡುತ್ತಿದ್ದವು, ಕಂಪ್ಯೂಟರೂ ಉಳಿಯುತ್ತಿರಲಿಲ್ಲ.

“ಅಯ್ಯೋ ಮಾವ, ನಾನ್ ನೋಡ್ಲೇ ಇಲ್ವಲ್ಲ!”

ಬೆಟ್ಟಯ್ಯನವರ ಮುಖದಲ್ಲಿ ನಗು ಅರಳಿತು. ಪ್ಯಾನೆಲ್ ಬೋರ್ಡಿನ ಮುಂದೆ ಮೂವತ್ತೊಂದು ವರ್ಷ ನಿಂತವರ ನಗು ಅದು. ಅವಳ ತಲೆಯ ಮೇಲೆ ಒಮ್ಮೆ ತಟ್ಟಿದರು.

ಮುಂದಿನ ವಾರ ಇಬ್ಬರೂ ಸೇರಿ ಎರಡನೆಯದನ್ನು ಮಾಡಿದರು. ಅವಳು ಬೆಸುಗೆ ಹಾಕುವಾಗ ಅವರು ಹಲಗೆಯನ್ನು ಅಲುಗದಂತೆ ಹಿಡಿದರು. ಮುಗಿದ ಮೇಲೆ ಮೀಟರಿನ ಒಂದು ಮೊನೆ ಅವಳ ಕೈಲಿ, ಇನ್ನೊಂದು ಅವರ ಕೈಲಿ. ದಾರಿ ಸರಿಯಿದ್ದರೆ ಮೀಟರು ಕೀಂ ಅನ್ನಬೇಕು. ಪ್ರತಿ ಕೀಂಗೂ ಅವರು ತಲೆಯಾಡಿಸಿದರು. ಸದ್ದು ಬಾರದ ಎರಡು ಕಡೆಯೂ ಬೆರಳಿಟ್ಟು ತೋರಿಸಿದರು, ಅವಳು ಮತ್ತೆ ಬೆಸುಗೆ ಕಡ್ಡಿ ಎತ್ತಿಕೊಳ್ಳುವ ತನಕ ಬೆರಳು ತೆಗೆಯಲಿಲ್ಲ.

ಸ್ವಿಚ್ಚು ಹಾಕಿದಾಗ ಹಸಿರು ದೀಪ ಹತ್ತಿಕೊಂಡಿತು. ನಲವತ್ತೆಂಟು ಗುಂಡಿಗಳ ಮೇಲೂ ಅವರ ಬೆರಳು ಸುಳಿದಾಡಿತು. ಪ್ರತಿ ಗುಂಡಿಯ ಕೆಳಗೂ ದಪ್ಪಕ್ಷರದಲ್ಲಿ ಮಾತು ಬರೆದಿತ್ತು. ಕೊನೆಗೆ ಒಂದನ್ನು ಒತ್ತಿದರು.

“ಏಮ.”

ಅವರದೇ ದನಿ. ಅವರು ಬೆಚ್ಚಿ ಸ್ಪೀಕರಿನತ್ತ ನೋಡಿ, ತಮ್ಮ ಗಂಟಲು ಮುಟ್ಟಿಕೊಂಡರು. ಹೇಮಶ್ರೀ ಸ್ಪೀಕರನ್ನು ಅವರ ಹತ್ತಿರಕ್ಕೆ ಸರಿಸಿದಳು.

ಮಹದೇವಮ್ಮ ಸೆರಗಿಗೆ ಕೈ ಒರೆಸಿಕೊಂಡು ಒಳಗಿನಿಂದ ಬಂದರು. “ನನ್ನೆಸ್ರು ಇಲ್ವಾ ಅದ್ರಲ್ಲಿ?”

ಹೇಮಶ್ರೀ ತಬ್ಬಿಬ್ಬಾದಳು. ಇನ್ನೂರ ಹದಿನಾರು ಸಂದೇಶಗಳಲ್ಲಿ ಒಂದರಲ್ಲೂ ಮಾವ ಹೆಂಡತಿಯ ಹೆಸರು ಹೇಳಿರಲಿಲ್ಲ. ಅವಳು ಉತ್ತರಿಸುವ ಮೊದಲೇ ಬೆಟ್ಟಯ್ಯನವರು ಎರಡನೇ ಸಾಲಿನ ಗುಂಡಿ ಒತ್ತಿದರು.

“ನಮ್ಮನೇವ್ಳು.”

“ಓಗಿ, ನಾಚ್ಕೆ ಇಲ್ದೋರು,” ಎಂದು ಮಹದೇವಮ್ಮ ನಗಲು ಹೋಗಿ ಅತ್ತರು. ಬೆಟ್ಟಯ್ಯನವರು ಮತ್ತೆ ಒತ್ತಿದರು. ಮತ್ತೆ ಒತ್ತಿದರು.

ಮಾರನೆಯ ದಿನ ಬೆಳಿಗ್ಗೆ ಅವರು ಸೊಸೆಯ ಫೋನಿನಲ್ಲಿ ಮರಿಸಿದ್ದಯ್ಯನವರ ಫೋಟೊ ತೋರಿಸಿ, ಕರೆ ಮಾಡೆಂದು ಸನ್ನೆ ಮಾಡಿದರು. ಅವಳು ಮಾಡಿ ಫೋನನ್ನು ಸ್ಪೀಕರಿನ ಪಕ್ಕ ಇಟ್ಟಳು.

“ಲೋ ಮರಿಸಿದ್ದ.” ಸ್ವಲ್ಪ ಹೊತ್ತು ಬೆರಳು ಹುಡುಕಿತು. “ಬಾ.”

ಆ ಕಡೆ ಟೀ ಲೋಟ ಕೆಳಗಿಟ್ಟ ಸದ್ದು ಕೇಳಿತು. ಆಮೇಲೆ, “ಬತ್ತೀನಿ ತಡೀಲಾ,” ಅಂತು ಒಡೆದ ದನಿ.

ಮಧ್ಯಾಹ್ನದ ಬಸ್ಸಿಗೆ ಮರಿಸಿದ್ದಯ್ಯ ಬಂದರು. ಹೇಮಶ್ರೀ ಕೆಲಸದಿಂದ ಮರಳಿದಾಗ ಇಬ್ಬರೂ ಜಗಲಿಯಲ್ಲಿ ಕೂತಿದ್ದರು. ಮರಿಸಿದ್ದಯ್ಯ ಏನೋ ಹೇಳುವರು. ಬೆಟ್ಟಯ್ಯನವರ ಬೆರಳು ನಿಧಾನವಾಗಿ ಹುಡುಕುವುದು. ಒಂದು ಮಾತು ಬರುವುದು. ಆ ಮಾತಿಗೂ ಮುಂದಿನದಕ್ಕೂ ನಡುವೆ ಬೀದಿಯಲ್ಲಿ ಒಂದು ಎತ್ತಿನಗಾಡಿ ಪೂರಾ ಹಾದುಹೋಗುತ್ತಿತ್ತು. ಇಬ್ಬರಿಗೂ ಅವಸರವಿರಲಿಲ್ಲ. ಹೇಮಶ್ರೀ ಚಪ್ಪಲಿ ಬಿಚ್ಚಿ, ಸದ್ದಾಗದಂತೆ ಬದಿಯಿಂದ ಹಾದು, ಎಲ್ಲರಿಗೂ ಟೀ ಇಡಲು ಒಳಗೆ ಹೋದಳು.