ಹಣಿಗೆಯಲ್ಲಿ ಉಳಿದ ಎಳೆ

ಇಳಕಲ್ಲಿನ ಆ ಓಣಿಯಲ್ಲಿ ಒಂಬತ್ತು ಮನೆ, ನೆಲದ ಕುಣಿಗಿಳಿದು ಸೀರೆ ನೇಯುವ ಒಂಬತ್ತು ಕುಣಿಮಗ್ಗ ಇದ್ದವು. ಎಂಟು ಮನೆ ಈಗ ಅನಿಲಕುಮಾರನ ಹೋಮ್‌ಸ್ಟೇ. ಒಂಬತ್ತನೆಯದು ಮುದುಕ ಹುಸೇನಸಾಬನದು. ಸೋಮವಾರ ಅದರ ಖರೀದಿ ಪತ್ರಕ್ಕೂ ಸಹಿ ಬೀಳುವುದಿತ್ತು. ಅದನ್ನು ತಪ್ಪಿಸಲೆಂದೇ ಅದೇ ಓಣಿಯಲ್ಲಿ ಹುಟ್ಟಿದ ಯಮನೂರ ಶನಿವಾರ ಸಂಜೆ ಏಕವ್ಯಕ್ತಿ ನಾಟಕ ಹೂಡಿದ್ದ. ಅವನಿಗೆ ಮಗ್ಗಕ್ಕೆ ಕೂಡುವ ವಯಸ್ಸು ಬರುವ ಮೊದಲೇ ಅವನಪ್ಪ ಮನೆ ಮಾರಿದ್ದ. ಈಗವನು ಗ್ರಾನೈಟ್ ಕೊಯ್ಯುತ್ತಿದ್ದ.

ನಾಟಕದ ಜಾಗ ಮಾತ್ರ ಹೋಮ್‌ಸ್ಟೇದ ಅಂಗಳವೇ. ಓಣಿಯಲ್ಲಿ ಬೇರೆ ಅಂಗಳ ಉಳಿದಿರಲಿಲ್ಲ. ಅದು ಮೊದಲು ಬಿಬಿಜಾನಳ ಮನೆಯಾಗಿತ್ತು. ಅವಳ ಮಗ್ಗದ ಕುಣಿಗೆ ಗಾಜು ಹೊದಿಸಿ, ಒಳಗೆ ದೀಪ ಹಚ್ಚಿದ್ದರು.

ಯಮನೂರ ಒಬ್ಬನೇ ಒಂಬತ್ತೂ ಮನೆಯವರಾದ. ಬಿಬಿಜಾನಳ ಬೈಗುಳ ತೆಗೆದಾಗ ಮುಂದೆ ಕುಂತಿದ್ದ ಬಿಬಿಜಾನಳೇ, "ಭಾಡ್ಯಾ, ನಾ ಇದಕ್ಕಿಂತ ಛಲೋ ಬೈತಿದ್ದೆ" ಎಂದು ನಕ್ಕಳು.

ಕೊನೆಗೆ ಹುಸೇನಸಾಬನಾದ. ಕೆಮ್ಮುತ್ತ ಹುಸಿ ಮಗ್ಗದೆದುರು ಕುಂತ. ಬಾಚಣಿಗೆಯಂಥ ಹಣಿಗೆಯಲ್ಲಿ ಉಳಿದಿದ್ದ ನೂಲೆಳೆಗಳನ್ನು ಕಚಕ್ಕನೆ ಕತ್ತರಿಸಿ ಎದ್ದುಹೋದ. ಹೋಮ್‌ಸ್ಟೇದ ಅತಿಥಿಗಳು ಕಣ್ಣೊರೆಸಿಕೊಂಡರು. ಓಣಿಯವರು ಮುಖ ಮುಖ ನೋಡಿಕೊಂಡರು.

"ಲೇ ಯಮನೂರಾ, ಆ ಎಳಿ ಯಾಕ ಕತ್ತರಿಸಿದಿ?" ಹುಸೇನಸಾಬ ಕುಂತಲ್ಲಿಂದಲೇ ಕೇಳಿದ.

"ನಾಟಕ, ಚಾಚಾ. ನೀವು ಮಗ್ಗ ಬಿಟ್ಟು ಹೊಂಟ್ರಿ."

"ಬಿಟ್ಟು ಹೊಂಟಾಂವ ಎಳಿ ಕೊಯ್ತಾನೇನು? ಸೀರಿ ಇಳಿಸಿದ ಮ್ಯಾಲೆ ಹಳೀ ಎಳಿ ಹಣಿಗ್ಯಾಗ ಬಿಡಬೇಕು. ಅದಕ್ಕ ಹೊಸಾ ಸೀರಿ ಹಾಸಿನ ಎಳಿ ಕೆಚ್ಚೂದು, ಒಂದೊಂದಕ್ಕ ಗಂಟ್ಹಾಕಿ. ನಿಮ್ಮಪ್ಪ ಮನಿ ಮಾರಿದ, ಎಳಿ ಕೊಯ್ದಿಲ್ಲ. ಕಲ್ಲು ಕೊಯ್ಯಾಂವಗ ಏನ್ ಗೊತ್ತು!"

ಓಣಿಯವರು ನಕ್ಕರು. ಯಮನೂರನ ಕಿವಿ ಕಾದವು. "ಹಂಗಾದ್ರ ಮಾರಬ್ಯಾಡ್ರಿ!" ಎಂದು ಒದರಿದ.

"ಮೊಣಕಾಲು ನಿಂದೋ ನಂದೋ? ಕುಣಿಗೆ ಇಳದ್ರ ಏಳಾಕ ಬರೂದಿಲ್ಲ."

ಸೋಮವಾರ ಸಹಿ ಬಿತ್ತು. ಆ ಸಂಜೆ ಹುಸೇನಸಾಬ ತನ್ನ ಹಣಿಗೆಯನ್ನು ಎಳೆ ಸಮೇತ ಹಳೇ ಲುಂಗಿಯಲ್ಲಿ ಸುತ್ತಿ, ಗೋಡೆ ಹಿಡಿದು ಮೆಟ್ಟಿಲು ಹತ್ತಿ ತಂದು ಯಮನೂರನ ಬಾಡಿಗೆ ಖೋಲಿಯಲ್ಲಿಟ್ಟ.

"ನನ್ನ ಪಾರ್ಟು ಮಾಡಿದ್ರ ಇದನ್ನ ಹಿಡಿ. ಕತ್ತರಿ ಮುಟ್ಟಿದ್ರ ಕೈ ಮುರೀತೇನಿ."

ಮುದುಕ ಹೋದ ಮೇಲೆ ಯಮನೂರ ಖೋಲಿ ಸುತ್ತ ನೋಡಿದ. ಎರಡನೇ ಮಹಡಿ. ಮಗ್ಗ ಹೂಡಲು ಕುಣಿ ತೋಡುವುದೆಲ್ಲಿ?

ಮುಂದಿನ ನಾಟಕ ಬಾದಾಮಿಯಲ್ಲಾಯಿತು. ಹುಸೇನಸಾಬನ ಪಾರ್ಟು ಬಂದಾಗ ಯಮನೂರ ಹಣಿಗೆಗೆ ಸುತ್ತಿದ್ದ ಲುಂಗಿ ಬಿಚ್ಚಿದ. ಕತ್ತರಿ ತಂದಿರಲಿಲ್ಲ. ಕೆಚ್ಚಲು ಹೊಸ ಹಾಸೂ ಇರಲಿಲ್ಲ. ಎಳೆಗಳ ತುದಿ ಹಿಡಿದು ಕುಂತ. ಮುಗಿಯಿತೆಂದು ಯಾರೋ ಚಪ್ಪಾಳೆ ತಟ್ಟಿದರು.

ಅವನು ಏಳಲಿಲ್ಲ.