ದರ್ಜಿಗೂ ತಮ್ಮನಿಗೂ ನಡುವೆ ಇಪ್ಪತ್ತು ಪಿಕ್ಸೆಲ್

ಸಮಸ್ತ ಗಿರಾಕಿಗಳಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಮಾರುಕಟ್ಟೆಯ ವೆಬ್ ಪುಟದಲ್ಲಿ ದರ್ಜಿಯ ಚೌಕಕ್ಕೂ ಕ್ಷೌರದಂಗಡಿಯ ಚೌಕಕ್ಕೂ ನಡುವೆ ಜಾಗ ಬಿಡಲಾಗುವುದು. ಘನಘೋರ ಪ್ರಕಟಣೆಗೆ ಕಾರಣ ಇಷ್ಟೇ: ದರ್ಜಿ ಅಣ್ಣ, ಕ್ಷೌರದವನು ತಮ್ಮ, ಅಕ್ಕಪಕ್ಕದ ಅಂಗಡಿ, ಮಾತು ಬಿಟ್ಟು ವರ್ಷಗಳಾಗಿವೆ.

ಪುಟ ಮಾಡುತ್ತಿದ್ದವಳು ದರ್ಜಿಯ ಸೊಸೆ. ಅಂಗಡಿಗಳ ಹೆಸರು, ಫೋನ್ ನಂಬರು, ಬಾಗಿಲು ತೆಗೆಯುವ ಹೊತ್ತು ಎಲ್ಲವನ್ನೂ ಒಂದು ಟೇಬಲ್ಲಿನ ಚೌಕಗಳಲ್ಲಿ, ಅಂಗಡಿಗಳು ನಿಂತ ಕ್ರಮದಲ್ಲೇ ಕೂರಿಸಿದ್ದಳು. ನೋಡಿದ ಮಾವ ಕತ್ತರಿ ಕೆಳಗಿಟ್ಟರು.

"ಅವನ ಚೌಕ ನನ್ನದಕ್ಕೆ ತಾಗೋದಾದ್ರೆ ನನ್ನ ಹೆಸರೇ ಬೇಡ. ಅಳಿಸಿಬಿಡಮ್ಮ."

ಗೋಡೆಯಾಚೆ ಚಿಕ್ಕಮಾವನದೂ ಅದೇ ರಾಗ. ಆದರೆ ಎದುರು ಸಾಲಿನಲ್ಲಿ ಹೊಸ ದರ್ಜಿಯೂ ಹೊಸ ಸಲೂನೂ ಬಂದು ಕೂತಿದ್ದವು. ಪುಟದಲ್ಲಿಲ್ಲದ ಅಂಗಡಿ ಹೊಸ ಗಿರಾಕಿಯ ಪಾಲಿಗೆ ಇಲ್ಲವೇ ಇಲ್ಲ. ಎರಡೂ ಅಂಗಡಿ ಪುಟದಲ್ಲಿ ಬಂದೇ ಬರಬೇಕೆಂದು ಸೊಸೆ ತೋಳೇರಿಸಿದಳು.

ಮೊದಲು ಚೌಕಗಳ ನಡುವಿನ ಅಂತರ ಹೆಚ್ಚಿಸಿದಳು. ಆ ಅಂತರವೋ ಇಡೀ ಟೇಬಲ್ಲಿಗೆ ಒಂದೇ. ಇಬ್ಬರನ್ನು ದೂರ ಮಾಡಲು ಹೋಗಿ ಮಾರುಕಟ್ಟೆಯೆಲ್ಲ ದೂರ ದೂರ ಸರಿಯಿತು. ಹೂವಿನಂಗಡಿಯಾಕೆ ಬಂದು, ಪಕ್ಕದ ಬೇಕರಿಯವನು ತನ್ನ ಗಂಡನಲ್ಲವೇ, ನಡುವೆ ಈ ಓಣಿ ಯಾಕೆ ಎಂದು ವಿಚಾರಿಸಿದಳು.

"ನಾವೇನು ಜಗಳ ಆಡಿದೀವಾ? ಆಡಿದ್ರೂ ನಿನಗ್ಯಾರು ಹೇಳಿದ್ದು?"

ಸೊಸೆ ಜಗ್ಗಲಿಲ್ಲ. ಎಲ್ಲರನ್ನೂ ಮತ್ತೆ ಹತ್ತಿರ ತಂದು, ಈ ಇಬ್ಬರಿಗೆ ಮಾತ್ರ ಬೇರೆ ಪುಟ್ಟ ಟೇಬಲ್ ಮಾಡಿ, ಅದನ್ನು ದೊಡ್ಡದರ ಹೊಟ್ಟೆಯೊಳಗಿಟ್ಟು, ನಡುವೆ ಇಪ್ಪತ್ತು ಪಿಕ್ಸೆಲ್, ಅಂದರೆ ಪರದೆಯ ಇಪ್ಪತ್ತು ಚುಕ್ಕಿಗಳಷ್ಟು ಜಾಗ ಬಿಟ್ಟಳು. ಮಾವ ಅಳತೆಯ ಟೇಪನ್ನು ಪರದೆಗೆ ಹಿಡಿದು ನೋಡಿ ತಲೆಯಾಡಿಸಿದರು. ಅವರು ಹೋದ ಮೇಲೆ ಚಿಕ್ಕಮಾವ ಬಾಚಣಿಗೆಯಲ್ಲಿ ಅಳೆದರು. ಖಾಲಿ ಜಾಗದಲ್ಲಿ ಅಣ್ಣನಿಗೇ ಹೆಚ್ಚು ಪಾಲು ಹೋಗಿರಬಹುದೆಂಬ ಗುಮಾನಿ ಇದ್ದರೂ ಒಪ್ಪಿಕೊಂಡರು.

ಮಾರುಕಟ್ಟೆಯ ಅಂಗಡಿಕಾರರ ಸಂಘದ ಅಧ್ಯಕ್ಷರದು ಪಾತ್ರೆ ಅಂಗಡಿ. ಸೊಸೆ ಅಲ್ಲೇ ಕೂತು ಪುಟವನ್ನು ಸಂಘದ ಸೈಟಿಗೆ ಏರಿಸಿದಳು. ತೆರೆದು ನೋಡಿದರೆ ಅಂತರ ಮಂಗಮಾಯ. ಅಣ್ಣನ ಚೌಕಕ್ಕೂ ತಮ್ಮನ ಚೌಕಕ್ಕೂ ಸೇರಿ ನಡುವೆ ಒಂದೇ ಗೆರೆ.

ಸಂಘದ ಸೈಟಿನಲ್ಲಿ ಎಲ್ಲ ಟೇಬಲ್ಲಿಗೂ ಅಕ್ಕಪಕ್ಕದ ಚೌಕಗಳ ಗೆರೆಗಳನ್ನು ಒಂದಾಗಿ ಬೆಸೆಯುವ ಕಟ್ಟಳೆ ಮೊದಲೇ ಇತ್ತು. ಗೆರೆ ಬೆಸೆದ ಮೇಲೆ ನೀವು ಅಂತರ ಇಪ್ಪತ್ತೆನ್ನಿ, ಇನ್ನೂರೆನ್ನಿ, ಬ್ರೌಸರು ಕ್ಯಾರೇ ಅನ್ನುವುದಿಲ್ಲ. ಈ ಪುಟ್ಟ ಟೇಬಲ್ಲಿಗೊಂದು ವಿನಾಯಿತಿ ಕೊಡಿ, ಒಂದೇ ಸಾಲು ಬರೆದರೆ ಸಾಕು ಎಂದು ಸೊಸೆ ಕೇಳಿದಳು.

ಅಧ್ಯಕ್ಷರು ಕನ್ನಡಕ ಸರಿಪಡಿಸಿಕೊಂಡರು. "ಧಾರಾಳವಾಗಿ ಬರಿಯಮ್ಮ. ಆದ್ರೆ ಅಕ್ಕಪಕ್ಕದವರ ನಡುವಿನ ಗೆರೆ ಮುಟ್ಟಬೇಕಂದ್ರೆ ಇಬ್ರೂ ಜೊತೆಗೆ ಬಂದು ಕೇಳ್ಬೇಕು. ಇಲ್ಲೇ ಕೂತು, ಒಂದೇ ಅರ್ಜಿಗೆ ಇಬ್ರ ಸಹಿ. ಸಂಘದ ನಿಯಮ."

ಸೊಸೆ ಅವರು ತೋರಿಸಿದ ಬೆಂಚು ನೋಡಿದಳು. ಗಿಡ್ಡ ಬೆಂಚು. ಇಬ್ಬರು ಕೂತರೆ ಭುಜಕ್ಕೆ ಭುಜ ತಾಗುತ್ತಿತ್ತು.